ಕಟ್ಟಿಗಿ ಮೇ ತಿಂಗಳಾಗೇ ತರಿಸು

ತಮ್ಮಾ,

ನಿನ್ನ ಮೆಸೇಜ್ ಬಂದಾಗ ನಾ ಊರಿಗಿ ಬಂದು ಕಲಬುರಗಿದಾಗ ನಮ್ಮ ಮನಿ ಮಾಳಗಿ ಮ್ಯಾಲ ಬನಿಯನ್ ಮ್ಯಾಲೇ ಕುಂತಿದ್ದೆ. ಹಗಲು 42 ಡಿಗ್ರಿ ಇತ್ತು. ರಾತ್ರಿ ಹತ್ತಾದ್ರೂ ಶಹಾಬಾದ ಫರಸಿ ಇನ್ನಾ ಕಾಲು ಸುಡ್ತಿತ್ತು. ಅಂಥಾದ್ರಾಗ ನಿಂದು ಪ್ರಶ್ನೆ: "ಅಣ್ಣಾ, ಟ್ರೂರೊ ಹತ್ರ ಒಂದು ಹಳೀ ಮನಿ ನೋಡೀವಿ. ಕಟ್ಟಿಗಿ ಒಲಿ ಅದ. ಮ್ಯಾಲ ಸೋಲಾರ್ ಹಾಕಿಸಿದ್ರ ಚಳಿಗಾಲದ ಖರ್ಚು ಪೂರಾ ಉಳೀತದಲ್ಲ? ಇಕಿಗಿ ಮಾತ್ರ ಮನಿಯೊಳಗ ಬೆಂಕಿ ಅಂದ್ರ ಹೆದರಿಕಿ." ಮೊದಲ ನಗು ಬಂತು. ಆಮ್ಯಾಲ ಅನಿಸ್ತು, ನೀ ಕೇಳಿದ್ದು ಸರಿಯಾದ ತಿಂಗಳಿಗೇ. ಕೆನಡಾದ ನೋವಾ ಸ್ಕೋಶಿಯಾದಾಗ ಚಳಿಗಾಲದ ತಯಾರಿ ಶುರು ಆಗೋದು ಈಗೇ.

ಹೋದ ಚಳಿಗಾಲ ನೀವು ಹ್ಯಾಲಿಫ್ಯಾಕ್ಸ್‌ನಾಗ ಅಪಾರ್ಟ್‌ಮೆಂಟಿನಾಗ ಕಳದೀರಿ, ಹೀಟಿಂಗ್ ಬಾಡಿಗಿಯೊಳಗೇ ಬಂದಿತ್ತು. ಅದನ್ನ ಲೆಕ್ಕಕ್ಕ ಹಿಡೀಬ್ಯಾಡ.

ಸೂರ್ಯನ ಮಾತು ಮೊದಲ ಹೇಳ್ತೀನಿ, ನಮ್ಮ ಕಡಿ ಮಂದಿ ಎಡವೋದು ಅಲ್ಲೇ. ಬಿಸಲಿನಾಗ ಹುಟ್ಟಿ ಬೆಳದವರು ನಾವು, ಸೋಲಾರ್ ಅಂದ್ರ ಸಾಕು, ನಂಬಿಬಿಡ್ತೀವಿ. ಕಲಬುರಗಿದಾಗ ಡಿಸೆಂಬರ್ ನಡಕ್ಕೂ ಮಧ್ಯಾಹ್ನದ ಸೂರ್ಯ ಸುಮಾರು 49 ಡಿಗ್ರಿ ಎತ್ತರಕ್ಕ ಬರ್ತಾನ. ಅದೇ ದಿನ ಹ್ಯಾಲಿಫ್ಯಾಕ್ಸ್‌ನಾಗ 22 ಡಿಗ್ರಿ, ಗಿಡದ ತುದಿ ಸವರಿಕೊಂಡು ಹೋಗಿಬಿಡ್ತಾನ. ಹಗಲು ಒಂಬತ್ತು ತಾಸೂ ತುಂಬಾಂಗಿಲ್ಲ. ನೋವಾ ಸ್ಕೋಶಿಯಾದ ನನ್ನ ಮನಿ ಮ್ಯಾಲ 8 ಕಿಲೋವ್ಯಾಟ್ ಪ್ಯಾನೆಲ್ ಅವ. ಜುಲೈದಾಗ 1000 ಯೂನಿಟ್ ಹತ್ರ ಬರ್ತದ. ಡಿಸೆಂಬರ್‌ದಾಗ 300 ದಾಟಿದ್ರ ಅದೇ ದೊಡ್ಡದು. ಹಿಮ ಬಿದ್ದು ಪ್ಯಾನೆಲ್ ಮುಚ್ಚಿಕೊಂಡ್ರ ಅದೂ ಇಲ್ಲ. ಬಿಸಿ ಬ್ಯಾಡಾದಾಗ ರಾಶಿ ರಾಶಿ ಕೊಡ್ತದ, ಬೇಕಾದಾಗ ಬೊಗಸಿಯಷ್ಟು.

ಕಟ್ಟಿಗಿ ಕೂಡ ಹೋಲಿಸಿ ನೋಡು. ಅಲ್ಲಿ ಕಟ್ಟಿಗಿ ಮಾರೋದು ಕಾರ್ಡ್ ಲೆಕ್ಕದಾಗ. 4 ಫೂಟ್ ಎತ್ತರ, 4 ಫೂಟ್ ಅಗಲ, 8 ಫೂಟ್ ಉದ್ದ ಒಟ್ಟಿದ ರಾಶಿ ಅಂದ್ರ ಒಂದು ಕಾರ್ಡ್, 128 ಘನ ಫೂಟ್. ಒಣಗಿದ ಮೇಪಲ್ ಕಟ್ಟಿಗಿ ಒಂದು ಕಾರ್ಡ್ ಛಲೋ ಒಲಿಯೊಳಗ ಸುಟ್ರ ಸುಮಾರು 4500 ಯೂನಿಟ್ ಕರೆಂಟಿನಷ್ಟು ಬಿಸಿ ಮನಿಗಿ ಸಿಗ್ತದ. ಡಿಸೆಂಬರ್ ತಿಂಗಳದ್ದು ಪೂರಾ ಬಿಸಲು ಕೂಡಿಸಿದ್ರೂ ಒಂದು ಕಾರ್ಡಿನ ಹದಿನೈದನೇ ಪಾಲು. ನಮಗ ವರ್ಷಕ್ಕ 4 ಕಾರ್ಡ್ ಬೇಕಾಗ್ತದ.

ಅಂದ್ರ ಸೋಲಾರ್ ದಂಡ ಅಲ್ಲ. ಅಲ್ಲಿ ನೆಟ್ ಮೀಟರಿಂಗ್ ಅದ. ಬ್ಯಾಸಗಿದಾಗ ಹೆಚ್ಚಾದ ಯೂನಿಟ್ ಕಿರಾಣಿ ಅಂಗಡಿ ಖಾತೆ ಇದ್ದಂಗ ಜಮಾ ಆಗ್ತವ, ಚಳಿಗಾಲದಾಗ ಬಳಸಿದ್ರಾಗ ಮುರಕೋತಾರ. ಅದರಲೇ ಹೀಟ್ ಪಂಪ್ ನಡಸು. ಹೀಟ್ ಪಂಪ್ ಅಂದ್ರ ಹೊರಗಿನ ಗಾಳ್ಯಾಗಿನ ಬಿಸಿ ಎಳದು ಮನಿಯೊಳಗ ತರೋ ಯಂತ್ರ, ಒಂದು ಯೂನಿಟ್ ಕರೆಂಟ್ ತಗೊಂಡು ಎರಡೂವರಿ, ಮೂರು ಯೂನಿಟಿನಷ್ಟು ಬಿಸಿ ಕೊಡ್ತದ, ಥಂಡಿ ಭಾಳ ಇಳಿದಾಗ ಜರಾ ಕಮ್ಮಿ. ನವೆಂಬರ್‌ಗೆ, ಏಪ್ರಿಲ್‌ಗೆ ನಮ್ಮಲ್ಲಿ ಅದೇ ಸಾಕು. ಜನವರಿ ಫೆಬ್ರವರಿಗೆ ಒಲಿ.

ಒಂದು ಮಾತು ಮಾರಾಟದವ ಬಾಯಿ ಬಿಡಾಂಗಿಲ್ಲ, ನಾ ಸ್ವತಃ ಬಿದ್ದು ಕಲಿತದ್ದು. 2022ರ ಸೆಪ್ಟೆಂಬರ್‌ದಾಗ ಫಿಯೋನಾ ಚಂಡಮಾರುತ ಬಂತು. ಇಡೀ ಪ್ರಾಂತದಾಗ 4 ಲಕ್ಷಕ್ಕೂ ಹೆಚ್ಚು ಕನೆಕ್ಷನ್‌ಗಳಿಗಿ ಕರೆಂಟ್ ಹೋಯ್ತು. ಮರುದಿನ ಆಕಾಶ ತಿಳಿಯಾತು, ಬಿಸಲು ಚುರುಗುಟ್ಟಲತ್ತಿತ್ತು, ಮ್ಯಾಲ ಪ್ಯಾನೆಲ್ ಫಳಫಳ ಹೊಳೀಲತ್ತಿದ್ವು, ಮನಿಯೊಳಗ ಒಂದು ಬಲ್ಬೂ ಹತ್ತವಲ್ದು! ಪ್ಯಾನೆಲ್ ಕರೆಂಟ್ ಮನಿಗಿ ಹೊಂದಿಸೋ ಇನ್ವರ್ಟರ್ ಕೆಟ್ಟದ ಅಂದುಕೊಂಡು ಬೈದೆ. ಕೆಟ್ಟಿದ್ದಿಲ್ಲ. ಲೈನ್‌ನಾಗ ಕರೆಂಟ್ ಇಲ್ಲಂದ್ರ ಅದು ತಾನೇ ಬಂದ್ ಆಗ್ತದ, ಇಲ್ಲಾಂದ್ರ ಕಂಬದ ಮ್ಯಾಲ ಕೆಲಸ ಮಾಡೋ ಲೈನ್‌ಮನ್‌ಗೆ ಹೊಡೀತದ. ಬ್ಯಾಟರಿ ಮತ್ತ ಲೈನಿನಿಂದ ಮನಿ ಬ್ಯಾರೆ ಮಾಡೋ ಸ್ವಿಚ್ ಇದ್ರೇ ಆಗ ಸೋಲಾರ್ ಉಪಯೋಗ. ನಮ್ಮ ಕಡಿ ಮನಿ ಮನಿಗಿ ಬ್ಯಾಟರಿ ಇರ್ತದಲ್ಲ, ಅದೇ ತಲಿಯೊಳಗ ಇಟ್ಟುಕೊಂಡು ಮೋಸ ಹೋದೆ. ಕರೆಂಟ್ ಇಲ್ಲಂದ್ರ ಬಾವಿ ಪಂಪೂ ಇಲ್ಲ, ನಳದಾಗ ನೀರೂ ಇಲ್ಲ. ಪುಣ್ಯಕ್ಕ ನಳ ಬಂದ ದಿನ ಕೊಡ ತುಂಬಿ ಇಡೋ ಚಟ ಇನ್ನಾ ಬಿಟ್ಟಿದ್ದಿಲ್ಲ. ಆ ವಾರ ಬ್ಯಾಳಿ ಬೆಂದದ್ದು ಕಟ್ಟಿಗಿ ಒಲಿ ಮ್ಯಾಲೇ.

ಈಗ ಒಲಿ. ಒಲಿಗಿಂತ ಕಟ್ಟಿಗಿ ಮುಖ್ಯ. ಮೊದಲ ವರ್ಷ ಅಕ್ಟೋಬರ್‌ದಾಗ ಒಬ್ಬಾವ "ಒಣಗ್ಯಾದ" ಅಂತ ಹೇಳಿ ಲಾರಿಲೆ ಸುರುವಿ ಹೋದ, ನಾ ರೊಕ್ಕ ಕೊಟ್ಟೆ. ಹಚ್ಚಿದ್ರ ಒಲಿಯ ಗಾಜು ಎರಡು ದಿನದಾಗ ಕರಿಹಂಚು ಆತು, ಮನಿ 14 ಡಿಗ್ರಿ ದಾಟವಲ್ದು. ಒಂದು ದಿನ ಅವ್ವನ ಕೂಡ ವಿಡಿಯೋದಾಗ ಮಾತಾಡ್ಲತ್ತಿದ್ದೆ. ಫೋನು ಒಲಿ ಹತ್ರ ಇತ್ತು. ಆಕಿ ನನ್ನ ಮಾತು ನಡಕ ತಡದು, "ಅದೇನೋ ಸುಂಯ್ ಅನ್ಲತ್ತದಲ್ಲ? ಹಸಿ ಕಟ್ಟಿಗಿ ಇಟ್ಟೀದಿ. ತುದಿಗಿ ನೊರಿ ಬರ್ಲತ್ತದೇನು ನೋಡು" ಅಂದಳು. ಬಗ್ಗಿ ನೋಡಿದ್ರ, ಕಟ್ಟಿಗಿ ಎರಡೂ ತುದಿಗಿ ಬಿಳೀ ಗುಳ್ಳಿ ಕುದೀಲತ್ತಿದ್ವು. ತೊಗರಿ ಕಟ್ಟಿಗಿ, ಜಾಲಿ ಕಟ್ಟಿಗಿ ಉರಿಸಿ ಮುಪ್ಪಾದಾಕಿ, ಸಾವಿರಾರು ಮೈಲಿ ದೂರದಿಂದ ಬರೇ ಸಪ್ಪಳಕ್ಕ ಗುರುತು ಹಿಡದಳು!

ಕಡದ ಹಸಿ ಕಟ್ಟಿಗ್ಯಾಗ ಹತ್ರ ಹತ್ರ ಅರ್ಧ ತೂಕ ನೀರೇ. ಅದನ್ನ ಆವಿ ಮಾಡೋದ್ರಾಗೇ ಬಿಸಿ ಖಾಲಿ ಆಗ್ತದ. ಒಳಗ 20 ಶೇಕಡಾಕ್ಕಿಂತ ಕಮ್ಮಿ ಪಸಿ ಇರಬೇಕು. ಅಳಿಯೋ ಮೀಟರ್ ಹಾರ್ಡ್‌ವೇರ್ ಅಂಗಡ್ಯಾಗ ಅಗ್ಗಕ್ಕ ಸಿಗ್ತದ, ಹೊರಮೈಗಿ ಚುಚ್ಚಬ್ಯಾಡ, ಸೀಳಿ ಒಳಮೈಗಿ ಚುಚ್ಚು. ಇಲ್ಲಂದ್ರ ಎರಡು ತುಂಡು ಒಂದಕ್ಕೊಂದು ಬಡಿ. ಠಣ್ ಅಂದ್ರ ಒಣಗ್ಯಾದ, ಧಪ್ ಅಂದ್ರ ವಾಪಸ್ ಕಳಸು. ಮೇಪಲ್, ಬರ್ಚ್ ಸೀಳಿ ಒಟ್ಟಿದ ಮ್ಯಾಲ ಒಂದು ವರ್ಷ ಬೇಕು, ಓಕ್ ಆದ್ರ ಎರಡು. ಹಂಗಾಗಿ ಈ ಚಳಿಗಾಲಕ್ಕ ಹೋದ ವರ್ಷ ಸೀಳಿದ್ದೇ ಕೇಳಿ ತಗೋ, ಮುಂದಿನ ವರ್ಷದ್ದು ಈಗೇ ಹಸೀದು ತರಿಸಿ ಒಟ್ಟಿಡು. ನೆಲಕ್ಕ ತಾಗದಂಗ ಹಲಗಿ ಮ್ಯಾಲ ಒಟ್ಟು, ಮ್ಯಾಲ ಅಷ್ಟೇ ಮುಚ್ಚು, ಬದಿಗಿ ಗಾಳಿ ಆಡಲಿ. ಪೂರಾ ತಾಡಪತ್ರಿ ಸುತ್ತಿದ್ರ ಕೊಳೀತದ. ಒಟ್ಟಿದ ಮ್ಯಾಲೇ ಟೇಪ್ ಹಿಡದು ಅಳಿ, ಸುರುವಿದ ರಾಶಿ ಕಣ್ಣಿಗಿ ಯಾವಾಗ್ಲೂ ದೊಡ್ಡದು ಕಾಣ್ತದ.

ನಿನ್ನ ಹೆಂಡತಿ ಹೆದರಿಕಿ ಖರೇನೇ, ನಗಬ್ಯಾಡ. ನಮ್ಮ ಕಡಿ ಚಿಮಣಿ ಅಂದ್ರ ಎಣ್ಣಿ ದೀಪ, ಅಲ್ಲಿ ಹೊಗಿ ಕೊಳವಿ. ಹಸಿ ಕಟ್ಟಿಗಿ ಹೊಗಿ, ಇಲ್ಲಾಂದ್ರ ಗಾಳಿ ಬಂದ್ ಮಾಡಿ ಉರಿ ಕುಗ್ಗಿಸಿದ ಬೆಂಕಿ ಹೊಗಿ, ತಣ್ಣನ ಕೊಳವಿಗಿ ಡಾಂಬರಿನಂಗ ಅಂಟ್ತದ. ಕ್ರಿಯೋಸೋಟ್ ಅಂತಾರ. ಒಂದು ದಿನ ಅದಕ್ಕೇ ಕಿಡಿ ಹತ್ತಿದ್ರ ಕೊಳವಿಯೊಳಗ ರೈಲು ಹೋದಂಗ ಗುಡುಗ್ತದ. ಅದಕ್ಕ ವರ್ಷಕ್ಕೊಮ್ಮೆ ಕೊಳವಿ ಉಜ್ಜಿಸು. ಮನಿ ಖರೀದಿ ಮಾಡೋಕಿಂತ ಮೊದಲ ವೆಟ್ (WETT, ಕಟ್ಟಿಗಿ ಒಲಿ ತಪಾಸಣಿ ಕಲಿತವರಿಗಿ ಕೊಡೋದು) ಸರ್ಟಿಫಿಕೇಟ್ ಇದ್ದಾವನ ಕರಸಿ ಒಲಿ ತೋರಿಸು, ಇನ್ಶೂರೆನ್ಸ್‌ನವರು ಸಾಮಾನ್ಯ ಅವ ಬರದು ಕೊಡೋ ತಪಾಸಣಿ ಕಾಗದ ಕೇಳೇ ಕೇಳ್ತಾರ. ಹಳೀ ಒಲಿ, ಆ ಕಾಗದ ಸಿಗಾಂಗಿಲ್ಲಂದ್ರ ಮನಿ ರೇಟ್ ಕಮ್ಮಿ ಮಾಡ್ಸು. ಕಾರ್ಬನ್ ಮೊನಾಕ್ಸೈಡ್ (ಬೆಂಕಿಯಿಂದ ಬರೋ, ವಾಸನಿ ಇಲ್ಲದ ವಿಷ ಗಾಳಿ) ಅಲಾರಂ ಮಲಗೋ ಕೋಣಿ ಹತ್ರ ಇರ್ಲಿ. ಬೂದಿ ಮುಚ್ಚಳ ಇದ್ದ ಕಬ್ಬಿಣದ ಡಬ್ಬ್ಯಾಗ ತುಂಬಿ ಹೊರಗ ಇಡು, ಕೆಂಡ ಎರಡು ಮೂರು ದಿನ ಒಳಗೇ ಜೀವ ಹಿಡದಿರ್ತದ.

ಎರಡು ದಿನ ಊರಿಗಿ ಹೋದ್ರ ಒಲಿ ಆರ್ತದ, ಪೈಪಿನಾಗ ನೀರು ಗಡ್ಡಿ ಕಟ್ಟಿ ಒಡೀತಾವ. ಅದಕ್ಕೂ ಹೀಟ್ ಪಂಪ್ ಬೇಕೇ ಬೇಕು, ಬರೇ ಒಲಿ ಇದ್ದ ಮನಿ ತಗೋಬ್ಯಾಡ.

ನಾ ಜೂನ್ 10ಕ್ಕ ವಾಪಸ್ ಬರ್ತೀನಿ. ಈಗ ನಾ ತರಿಸೋ ಕಟ್ಟಿಗಿಯಾವ ಖರೇ ಮನಶ್ಯಾ, ನಂಬರ್ ರಾತ್ರಿ ಕಳಸ್ತೀನಿ. ಸಂಜಿ ಏಳರ ಮ್ಯಾಲ ಹಚ್ಚು, ಹಗಲು ಗರಗಸದ ಸಪ್ಪಳದಾಗ ಆವಂಗ ಫೋನು ಕೇಳಾಂಗಿಲ್ಲ.