ಐಎಸ್‌ಒ 14001 ಮಾಡಿಸಿದರೆ ಎಣ್ಣೆ ರಿಫೈನರಿಯ ಮಾಲಿನ್ಯ ನಿಜಕ್ಕೂ ಇಳಿಯುತ್ತದೆಯೇ?

ಸರ್, ಚಳ್ಳಕೆರೆಯ ನಿಮ್ಮ ಶೇಂಗಾ ಎಣ್ಣೆ ರಿಫೈನರಿಗೆ ಖರೀದಿದಾರರು ಐಎಸ್‌ಒ 14001 (ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ಸರ್ಟಿಫಿಕೇಟ್ ಕೇಳುತ್ತಿದ್ದಾರೆ, ಇದರಿಂದ ಮಾಲಿನ್ಯ ಇಳಿಯುತ್ತದೋ ಬರೀ ಖರ್ಚೋ ಎಂದು ಕೇಳಿದ್ದೀರಿ. ಇಳಿಯುತ್ತದೆ, ಆದರೆ ದಿನಾ ಅಳತೆ ಮಾಡುವ ಕಡೆ ಮಾತ್ರ.

ಈ ಸ್ಟ್ಯಾಂಡರ್ಡ್‌ನಲ್ಲಿ ಹೊಗೆಗಾಗಲೀ ನೀರಿಗಾಗಲೀ ಮಿತಿ ಬರೆದಿಲ್ಲ. ಮಿತಿ ಇರುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್‌ನಲ್ಲಿ, ಅಂದರೆ ಫ್ಯಾಕ್ಟರಿ ನಡೆಸಲು ಕೊಡುವ ಅನುಮತಿ ಪತ್ರದಲ್ಲಿ. ಸಂಸ್ಕರಿಸಿದ ನೀರನ್ನು ಭೂಮಿಗೆ ಬಿಡಲು ಸಾಮಾನ್ಯ ಮಿತಿ ಬಿಒಡಿ (ನೀರಿನ ಕೊಳೆಯನ್ನು ಒಡೆಯಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 100 ಮಿಲಿಗ್ರಾಂ. ನಿಮ್ಮ ಕನ್ಸೆಂಟ್‌ನಲ್ಲಿ ಇನ್ನೂ ಬಿಗಿ ಇದ್ದರೆ ಅದೇ ಲೆಕ್ಕ. ಆ ಮಿತಿಯೊಳಗೆ ಇದ್ದೀರೆಂದು ಹೇಗೆ ನೋಡುತ್ತೀರಿ, ತಪ್ಪಿದರೆ ಯಾರು ಸರಿ ಮಾಡುತ್ತಾರೆ ಎಂಬುದನ್ನಷ್ಟೇ 14001 ಕೇಳುತ್ತದೆ.

ಕೆಡುವುದು ಶುರುವಿನಲ್ಲೇ. ಕನ್ಸಲ್ಟೆಂಟ್ ಬೇರೆ ಯಾವುದೋ ಫ್ಯಾಕ್ಟರಿಯ ಫೈಲಿಗೆ ನಿಮ್ಮ ಹೆಸರು ಹಾಕಿ ಕೊಡುತ್ತಾರೆ; ಗುರಿ ಅಂತ "ಕಾಗದ ಉಳಿಸುವುದು, ಗಿಡ ನೆಡುವುದು" ಎಂದಿರುತ್ತದೆ. ರಿಫೈನರಿಯ ನಿಜವಾದ ತೊಂದರೆ ಬೇರೆ. ಸೋಪ್‌ಸ್ಟಾಕ್‌ಗೆ (ಎಣ್ಣೆ ಶುದ್ಧ ಮಾಡುವಾಗ ಬೇರೆಯಾಗುವ ಸಾಬೂನಿನಂಥ ಉಳಿಕೆ) ಆಸಿಡ್ ಹಾಕಿ ಒಡೆದಾಗ ಬರುವ ನೀರಿನ ಪಿಎಚ್ 2ರ ಆಸುಪಾಸು ಇರುತ್ತದೆ. ಅದನ್ನು ನೇರ ಏರೇಶನ್ ಟ್ಯಾಂಕಿಗೆ (ಗಾಳಿ ಊದಿ ಬ್ಯಾಕ್ಟೀರಿಯಾದಿಂದ ಕೊಳೆ ತೆಗೆಯುವ ತೊಟ್ಟಿ) ಬಿಟ್ಟರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ, ಮತ್ತೆ ಬೆಳೆಸಲು ವಾರಗಳು ಬೇಕು. ಬೇರೆ ಟ್ಯಾಂಕಿನಲ್ಲಿ ಸುಣ್ಣದಿಂದ 7ರ ಹತ್ತಿರ ತಂದು ಆಮೇಲೆ ಬಿಡಿ. ಜಿಪ್ಸಂ ಕೆಸರು ಕೂರುತ್ತದೆ, ಅದಕ್ಕೂ ಜಾಗ ಇಟ್ಟುಕೊಳ್ಳಿ.

ಇನ್ನೊಂದು, ಬ್ಲೀಚಿಂಗ್‌ನಲ್ಲಿ ಎಣ್ಣೆಯ ಬಣ್ಣ ತೆಗೆಯಲು ಬಳಸಿ ಉಳಿಯುವ ಮಣ್ಣು. ಅದರಲ್ಲಿ ತೂಕದ ಕಾಲು ಭಾಗದಷ್ಟು ಎಣ್ಣೆ ಇರಬಹುದು. ಫಿಲ್ಟರಿನಿಂದ ಬಿಸಿಬಿಸಿಯಾಗಿ ತೆಗೆದು ರಾಶಿ ಹಾಕಿದರೆ ಒಳಗೇ ಕಾದು, ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳುತ್ತದೆ. ಬಾಯ್ಲರಿಗೆ ಇಟ್ಟ ಶೇಂಗಾ ಹೊಟ್ಟಿನ ಪಕ್ಕ ಅದನ್ನು ಯಾವತ್ತೂ ಸುರಿಯಬೇಡಿ. ತೆಳುವಾಗಿ ಹರಡಿ, ನೀರು ಚಿಮುಕಿಸಿ, ಆರಿದ ಮೇಲೆ ಮುಚ್ಚಿಡಿ.

ಇಟಿಪಿಗೆ (ಕೊಳಕು ನೀರು ಸಂಸ್ಕರಿಸುವ ಘಟಕ) ಪ್ರತ್ಯೇಕ ಕರೆಂಟ್ ಮೀಟರ್ ಕೂರಿಸಿ. ನನ್ನ ಪ್ರಕಾರ ಇದಕ್ಕಿಂತ ನಂಬಿಕೆಯ ಸಾಕ್ಷಿ ಇಲ್ಲ. ಏರೇಶನ್ ಟ್ಯಾಂಕಿಗೆ ಗಾಳಿ ಊದುವ 5 ಎಚ್‌ಪಿ ಬ್ಲೋವರ್ ಪೂರ್ತಿ ಲೋಡಿನಲ್ಲಿ 20 ಗಂಟೆ ಓಡಿದರೆ ಕನಿಷ್ಠ 75 ಯೂನಿಟ್ ಆಗಬೇಕು. ಲಾಗ್‌ಬುಕ್ಕಿನಲ್ಲಿ 20 ಗಂಟೆ ಬರೆದಿದ್ದು ಮೀಟರಿನಲ್ಲಿ 25 ಬಂದಿದ್ದರೆ ರಾತ್ರಿಯೆಲ್ಲ ಆಫ್ ಇತ್ತು ಅಂತಲೇ ಅರ್ಥ. ಆಡಿಟರ್ ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ, ಮೀಟರ್ ದಿನಾ ಇರುತ್ತದೆ.

ಗುರಿಯನ್ನು ಟನ್ ಎಣ್ಣೆಗೆ ಎಷ್ಟು ಲೀಟರ್ ಬೋರ್‌ವೆಲ್ ನೀರು, ಎಷ್ಟು ಯೂನಿಟ್ ಎಂದು ಬರೆಯಿರಿ. ಸೀಸನ್ ಮುಗಿದು ಮಾಲು ಕಡಿಮೆಯಾದಾಗ ಒಟ್ಟು ಬಿಲ್ ತಾನಾಗಿಯೇ ಇಳಿಯುತ್ತದೆ. ಅದನ್ನೇ ಸುಧಾರಣೆ ಅಂತ ತೋರಿಸುವವರು ಬಹಳ.

ಸರ್ಟಿಫಿಕೇಟಿಗೆ ಮೊದಲು ಎರಡು ಹಂತದ ಆಡಿಟ್, ಆಮೇಲೆ ವರ್ಷಕ್ಕೊಂದು, 3 ವರ್ಷಕ್ಕೆ ನವೀಕರಣ. ಫೈಲ್ ಮಾಡಿಕೊಟ್ಟ ಸಂಸ್ಥೆಯೇ ಆಡಿಟ್ ಮಾಡುವಂತಿಲ್ಲ. ಆಡಿಟ್ ಸಂಸ್ಥೆಗೆ ಎನ್‌ಎಬಿಸಿಬಿ (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಖರೀದಿದಾರರು ಅದನ್ನು ಒಪ್ಪುತ್ತಾರೆಯೇ ಎಂದು ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿಕೊಳ್ಳಿ.