ಜಿಫ್ ಡೇವಿಸ್ ಕಂಪನಿಯನ್ನು ಮುಳುಗಿಸಿದ್ದು ಅಂತರ್ಜಾಲವೇ?

ಪ್ರಿಯ ಓದುಗರೆ,

ನಿಮ್ಮ ಪತ್ರದಲ್ಲಿ ಎರಡು ಮುಖ್ಯ ಪ್ರಶ್ನೆಗಳಿವೆ. ‘ಪಿಸಿ ಮ್ಯಾಗಜಿನ್’ ಎಂಬ ಕಂಪ್ಯೂಟರ್ ಪತ್ರಿಕೆ ತರುತ್ತಿದ್ದ ಅಮೆರಿಕದ ಜಿಫ್ ಡೇವಿಸ್ ಕಂಪನಿಯನ್ನು ಅಂತರ್ಜಾಲವೇ ಮುಳುಗಿಸಿತೆ? ಮುಳುಗಿದ್ದರೆ ಆ ಹೆಸರು ಈಗಲೂ ಚಾಲ್ತಿಯಲ್ಲಿರುವುದು ಹೇಗೆ?

ಅಂತರ್ಜಾಲ ಜಾಹೀರಾತುಗಳನ್ನು ಕಿತ್ತುಕೊಂಡದ್ದು ನಿಜ. ಆದರೆ ಕಂಪನಿಯ ಸೊಂಟ ಮುರಿದದ್ದು ಸಾಲ, ಮತ್ತು ಪತ್ರಿಕೆ ಒಬ್ಬರಿಗೆ, ಅದರ ಜಾಲತಾಣ ಇನ್ನೊಬ್ಬರಿಗೆ ಎಂದು ಮಾರಿದ ನಿರ್ಧಾರ. ಇದು ನಮ್ಮ ಖಚಿತ ಅಭಿಪ್ರಾಯ.

1927ರಲ್ಲಿ ಷಿಕಾಗೊದಲ್ಲಿ ಶುರುವಾದ ಕಂಪನಿ ಇದು. ಸಂಸ್ಥಾಪಕರ ಮಗ ವಿಲಿಯಂ ಜಿಫ್ ವಿಮಾನ, ಕ್ಯಾಮೆರಾ, ಕಾರುಗಳಂಥ ಒಂದೊಂದೇ ಹವ್ಯಾಸದ ಪತ್ರಿಕೆಗಳನ್ನು ಬೆಳೆಸಿದರು. ಲೆಕ್ಕ ಸರಳ. ಕ್ಯಾಮೆರಾ ಪತ್ರಿಕೆ ಕೊಳ್ಳುವವನು ಕ್ಯಾಮೆರಾವನ್ನೂ ಕೊಳ್ಳುತ್ತಾನೆ; ಅವನಿಗೆ ಜಾಹೀರಾತು ಕೂಡ ಓದುವ ಸರಕೇ. 1984ರಲ್ಲಿ ಹವ್ಯಾಸದ ಪತ್ರಿಕೆಗಳನ್ನು ಸಿಬಿಎಸ್ ಎಂಬ ಟಿ.ವಿ. ಸಂಸ್ಥೆಗೆ, ಒಂದೊಂದು ವೃತ್ತಿಯವರಿಗೆಂದೇ ಇದ್ದ ವ್ಯಾಪಾರಿ ಪತ್ರಿಕೆಗಳನ್ನು ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡೋಕ್‌ಗೆ ಮಾರಿದ ಅವರು, ಕಂಪ್ಯೂಟರ್ ಪತ್ರಿಕೆಗಳನ್ನಷ್ಟೇ ಇಟ್ಟುಕೊಂಡರು.

‘ಪಿಸಿ ಮ್ಯಾಗಜಿನ್’ 1982ರಲ್ಲಿ ಜಿಫ್ ಕೈಗೆ ಬಂದಾಗ ಅದರ ಬಹುತೇಕ ಸಿಬ್ಬಂದಿ ಹೊರನಡೆದು ‘ಪಿಸಿ ವರ್ಲ್ಡ್’ ಎಂಬ ಪ್ರತಿಸ್ಪರ್ಧಿ ಪತ್ರಿಕೆ ಆರಂಭಿಸಿದರು. ಉಳಿದದ್ದು ಹೆಸರು ಮಾತ್ರ ಎನ್ನಬಹುದು. ಅದನ್ನು ಮತ್ತೆ ಕಟ್ಟಿದ್ದು ಪ್ರಯೋಗಾಲಯ. ಮಾರುಕಟ್ಟೆಯ ಪ್ರಿಂಟರ್‌ಗಳನ್ನೆಲ್ಲ ಒಟ್ಟಿಗೆ ತರಿಸಿ, ಎಲ್ಲಕ್ಕೂ ಒಂದೇ ಪರೀಕ್ಷೆ ಒಡ್ಡಿ, ಅಂಕಿಗಳನ್ನು ಪಕ್ಕಪಕ್ಕದಲ್ಲೇ ಅಚ್ಚು ಹಾಕುತ್ತಿದ್ದರು. ಈ ಕೆಲಸಕ್ಕೆ ದುಡ್ಡೂ ಬೇಕು, ತಾಳ್ಮೆಯೂ ಬೇಕು. ಆ ಕೋಷ್ಟಕಗಳನ್ನು ನಂಬಿಯೇ ಜನ ಪತ್ರಿಕೆ ಕೊಂಡರು.

ಇದೇ ಕಂಪನಿಯ ಇನ್ನೊಂದು ಪತ್ರಿಕೆ ‘ಪಿಸಿ ವೀಕ್’ನ ದಾರಿ ಇನ್ನೂ ಜಾಣತನದ್ದು. ವಾರಪತ್ರಿಕೆ ಪುಕ್ಕಟೆ, ಆದರೆ ಕೇಳಿದವರಿಗೆಲ್ಲ ಸಿಗುತ್ತಿರಲಿಲ್ಲ. ಮೊದಲು ಒಂದು ಅರ್ಜಿ ತುಂಬಬೇಕು: ನಿಮ್ಮ ಹುದ್ದೆ ಏನು, ಕಚೇರಿಯಲ್ಲಿ ಎಷ್ಟು ಕಂಪ್ಯೂಟರ್‌ಗಳಿವೆ, ಖರೀದಿಯಲ್ಲಿ ನಿಮ್ಮ ಮಾತು ನಡೆಯುತ್ತದೆಯೆ? ದೊಡ್ಡ ಖರೀದಿದಾರರನ್ನಷ್ಟೇ ಪಟ್ಟಿಗೆ ಸೇರಿಸಿಕೊಳ್ಳುತ್ತಿದ್ದರು. ಜಾಹೀರಾತುದಾರರಿಗೆ ಮಾರಿದ್ದು ಪುಟವನ್ನಲ್ಲ, ಈ ಪಟ್ಟಿಯನ್ನು.

ಇಂಥ ಪತ್ರಿಕೆ ಜಾಹೀರಾತು ಕಡಿಮೆಯಾದಾಗ ಯಾಕೆ ಅಷ್ಟು ಬೇಗ ಬಳಲುತ್ತದೆ ಎಂದೂ ಕೇಳಿದ್ದೀರಿ. ಪತ್ರಿಕೆ ಅಚ್ಚಾಗುವುದು ಬಿಡಿಪುಟಗಳಲ್ಲಿ ಅಲ್ಲ, 8 ಅಥವಾ 16 ಪುಟಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಮಡಚುವ ಫಾರಂಗಳಲ್ಲಿ. ಮೂರು ಜಾಹೀರಾತು ತಪ್ಪಿತೆಂದು ಮೂರೇ ಪುಟ ಕಡಿಮೆ ಮಾಡಲಾಗದು. ಪ್ಲೇಟು, ಯಂತ್ರ ಹೊಂದಿಸುವಾಗ ಹಾಳಾಗುವ ಕಾಗದ, ಪರೀಕ್ಷಕರ ಸಂಬಳ ಇವು ಪುಟ ಇಳಿದರೂ ಇಳಿಯುವುದಿಲ್ಲ. ಪ್ರಸಾರ ಸಂಖ್ಯೆಯನ್ನು ತಗ್ಗಿಸೋಣವೆಂದರೆ, ಇಷ್ಟು ಪ್ರತಿ ತಲುಪಿಸುತ್ತೇವೆಂದು ಜಾಹೀರಾತುದಾರರಿಗೆ ಮಾತು ಕೊಟ್ಟಾಗಿದೆ. ಕೊರತೆ ಬಿದ್ದರೆ ಪರಿಹಾರ ಕಟ್ಟಿಕೊಡಬೇಕು. ಮಾತು ಉಳಿಸಿಕೊಳ್ಳಲು ಚಂದಾದರವನ್ನು ಇಳಿಸುತ್ತಾರೆ. ಆಗ ಪ್ರತಿಯೊಂದು ಪ್ರತಿಯ ಮೇಲೂ ನಷ್ಟ.

ಈ ಪೆಟ್ಟನ್ನು ಸಾಲವಿಲ್ಲದ ಕಂಪನಿ ಒಂದೆರಡು ವರ್ಷ ತಾಳಿಕೊಂಡೀತು. ಇಲ್ಲಿ ಆದದ್ದು ಬೇರೆ. 1994ರಲ್ಲಿ ಫೋರ್ಸ್ಟ್‌ಮನ್ ಲಿಟಲ್ ಎಂಬ ಹೂಡಿಕೆ ಸಂಸ್ಥೆ ಕಂಪನಿಯನ್ನು 140 ಕೋಟಿ ಡಾಲರ್‌ಗೆ ಕೊಂಡಿತು. ಮರುವರ್ಷವೇ ಜಪಾನಿನ ಸಾಫ್ಟ್‌ಬ್ಯಾಂಕ್ 210 ಕೋಟಿ ಕೊಟ್ಟಿತು. 2000ದಲ್ಲಿ ಪತ್ರಿಕೆಗಳು 78 ಕೋಟಿಗೆ ವಿಲ್ಲಿಸ್ ಸ್ಟೀನ್ ಎಂಬ ಹೂಡಿಕೆ ಸಂಸ್ಥೆಗೆ ಹೋದವು, ಮಾರುಕಟ್ಟೆ ಉತ್ತುಂಗದಲ್ಲಿದ್ದಾಗಲೇ. ಅದೇ ವರ್ಷ, ಪತ್ರಿಕೆಗಳನ್ನು ನಡೆಸತೊಡಗಿದ ಹೊಸ ಕಂಪನಿ ಹೊರಡಿಸಿದ 25 ಕೋಟಿ ಡಾಲರ್ ಬಾಂಡ್‌ಗಳ (ಸಾಲಪತ್ರಗಳ) ಬಡ್ಡಿ ದರ ಶೇ 12. ಅಂದರೆ ಒಂದು ಪುಟ ಅಚ್ಚಾಗುವ ಮೊದಲೇ ವರ್ಷಕ್ಕೆ 3 ಕೋಟಿ ಡಾಲರ್ ಎತ್ತಿಡಬೇಕು. ಬೆನ್ನಿಗೇ ಡಾಟ್‌ಕಾಂ ಕಂಪನಿಗಳು ನೆಲಕಚ್ಚಿ, ಅವುಗಳ ಜಾಹೀರಾತೂ ನಿಂತಿತು.

ಆಸರೆಯಾಗಬಹುದಾಗಿದ್ದ ಕಂಪನಿಯದೇ ಜಾಲತಾಣ ಝಡ್‌ಡಿನೆಟ್ ಆ ಹೊತ್ತಿಗೆ ಕೈಯಲ್ಲಿರಲಿಲ್ಲ. ವೆಬ್ ಹರಡುವ ಮೊದಲೇ ಕಂಪ್ಯೂಸರ್ವ್ ಎಂಬ ಅಂದಿನ ಕಂಪ್ಯೂಟರ್ ಜಾಲದ ಮೂಲಕ ಆನ್‌ಲೈನ್ ಸೇವೆ ಆರಂಭಿಸಿದ್ದವರು ಇವರು. ‘ಇವರಿಗೆ ಅಂತರ್ಜಾಲ ಅರ್ಥವಾಗಲಿಲ್ಲ’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಝಡ್‌ಡಿನೆಟ್‌ಗೆ ಪ್ರತ್ಯೇಕ ಷೇರು ಮಾಡಿ, 2000ದಲ್ಲಿ ಅದನ್ನು ಸುಮಾರು 160 ಕೋಟಿ ಡಾಲರ್ ಮೌಲ್ಯಕ್ಕೆ ಸಿನೆಟ್ ಎಂಬ ತಂತ್ರಜ್ಞಾನ ಸುದ್ದಿಯ ಜಾಲತಾಣ ಕಂಪನಿಗೆ ಕೊಟ್ಟರು. ಪರಿಣಾಮ ನೋಡಿ: ಪತ್ರಿಕೆ ಇವರದು, ಅದರ ಹೆಸರಿನ ಜಾಲ ವಿಳಾಸದ ಹಕ್ಕು ಪ್ರತಿಸ್ಪರ್ಧಿಯದು. 11 ಪತ್ರಿಕೆಗಳ ಆನ್‌ಲೈನ್ ಹಕ್ಕುಗಳನ್ನು ವಾಪಸು ಪಡೆಯಲು 2001ರಲ್ಲಿ ಬೇರೆಯೇ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಓದುಗರು ಜಾಲತಾಣಗಳಿಗೆ ವಲಸೆ ಹೋಗುತ್ತಿದ್ದ ಹೊತ್ತಿನಲ್ಲೇ ಈ ಕಂಪನಿ ಮೊದಲಿನಿಂದ ಕಟ್ಟಬೇಕಾಗಿ ಬಂತು. ನಮ್ಮನ್ನು ಕೇಳಿದರೆ, ಇಡೀ ಕಥೆಯಲ್ಲಿ ಅತ್ಯಂತ ದುಬಾರಿ ನಿರ್ಧಾರ ಇದೇ.

ಆಮೇಲಿನದು ಬೇಗ ಮುಗಿಯಿತು. 2002ರಲ್ಲಿ ಸಾಲದ ಮರುಹೊಂದಾಣಿಕೆ, 2007ರಲ್ಲಿ ಉದ್ಯಮಗಳಿಗೆಂದು ತರುತ್ತಿದ್ದ ಕಂಪ್ಯೂಟರ್ ಪತ್ರಿಕೆಗಳ ವಿಭಾಗದ ಮಾರಾಟ, ಮಾರ್ಚ್ 2008ರಲ್ಲಿ ದಿವಾಳಿ ಅರ್ಜಿ. ‘ಪಿಸಿ ಮ್ಯಾಗಜಿನ್’ನ ಕೊನೆಯ ಮುದ್ರಿತ ಸಂಚಿಕೆ ಜನವರಿ 2009ರದು.

ನಿಮ್ಮ ಎರಡನೆಯ ಪ್ರಶ್ನೆಗೆ ಬಂದರೆ, ಇಂದಿನ ಜಿಫ್ ಡೇವಿಸ್ ಅದೇ ಹೆಸರಿನ ಇನ್ನೊಂದು ಬಗೆಯ ಸಂಸ್ಥೆ. ದಿವಾಳಿಯಿಂದ ಹೊರಬಂದ ಕಂಪನಿಯನ್ನು 2010ರಲ್ಲಿ ಮಾಧ್ಯಮ ಉದ್ಯಮಿ ವಿವೇಕ್ ಶಾ ಅವರು ಗ್ರೇಟ್ ಹಿಲ್ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆಯ ಜೊತೆಗೂಡಿ ಕೊಂಡರು. 2012ರಲ್ಲಿ ಜೆ2 ಗ್ಲೋಬಲ್ ಎಂಬ ಅಂತರ್ಜಾಲ ಸೇವೆಗಳ ಕಂಪನಿ ಅದನ್ನು 16.7 ಕೋಟಿ ಡಾಲರ್‌ಗೆ ಖರೀದಿಸಿತು. ಮುಂದೆ ಆ ಮಾತೃಸಂಸ್ಥೆಯೇ ಜಿಫ್ ಡೇವಿಸ್ ಎಂಬ ಹೆಸರಿಟ್ಟುಕೊಂಡಿತು. ಸಾಫ್ಟ್‌ಬ್ಯಾಂಕ್ ಕೊಟ್ಟ 210 ಕೋಟಿಯನ್ನೂ ಈ 16.7 ಕೋಟಿಯನ್ನೂ ನೀವು ಪತ್ರದಲ್ಲಿ ಹೋಲಿಸಿದ್ದೀರಿ. ಆ ಹೋಲಿಕೆ ಸರಿಯಲ್ಲ. ನಡುವೆ ಝಡ್‌ಡಿನೆಟ್ ಮತ್ತು ಉದ್ಯಮ ಪತ್ರಿಕೆಗಳು ಬಿಡಿಬಿಡಿಯಾಗಿ ಮಾರಾಟವಾಗಿದ್ದವು. 2012ರಲ್ಲಿ ಕೈ ಬದಲಾದದ್ದು ‘ಪಿಸಿಮ್ಯಾಗ್’ನಂಥ ಕೆಲವು ಜಾಲತಾಣಗಳು ಮತ್ತು ಹಳೆಯ ಹೆಸರು.

— ಸಂಪಾದಕ