ಪೇಸ್‌ಮೇಕರ್ ಇಟ್ಟ ಜಾಗ ಕೆಂಪಾಗಿದೆ, ಏನು ಮಾಡಬೇಕು?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ನಾಡಿ ನಿಧಾನವಾಗಿ ಎರಡು ಸಲ ತಲೆ ತಿರುಗಿ ಬಿದ್ದಿದ್ದರಿಂದ ನಾಲ್ಕು ತಿಂಗಳ ಹಿಂದೆ ಪೇಸ್‌ಮೇಕರ್ ಅಳವಡಿಸಿದರು. ಗಾಯ ಒಣಗಿತ್ತು. ಹತ್ತು ದಿನಗಳಿಂದ ಆ ಜಾಗ ಕೆಂಪಾಗಿ ಊದಿಕೊಂಡಿದೆ, ಜ್ವರವಿಲ್ಲ. ಕುರು ಇರಬೇಕು, ಸೂಜಿ ಹಾಕಿಸಿ ಕೀವು ತೆಗೆಸಿ ಎನ್ನುತ್ತಾರೆ ಪರಿಚಿತರು. ಮೊಬೈಲ್ ಅಥವಾ ತೋಟದ ಬೋರ್‌ವೆಲ್ ಮೋಟಾರಿನಿಂದ ಹೀಗಾಗಿರಬಹುದೆ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಸೂಜಿಯನ್ನು ಮಾತ್ರ ಹಾಕಿಸಬೇಡಿ. ಆ ಊತದೊಳಗೆ ಈವರೆಗೆ ಸೋಂಕಿಲ್ಲದಿದ್ದರೂ ಸೂಜಿಯೇ ಅದನ್ನು ಒಳಗೆ ಕೊಂಡೊಯ್ಯಬಲ್ಲದು. ಜ್ವರವಿಲ್ಲವೆಂಬುದೂ ಸಮಾಧಾನಪಟ್ಟುಕೊಳ್ಳುವ ಕಾರಣವಲ್ಲ, ಏಕೆಂದರೆ ಪೇಸ್‌ಮೇಕರಿನ ಸೋಂಕು ಎಷ್ಟೋ ಸಲ ಚರ್ಮದ ಕೆಂಪು, ಬಿಸಿ, ನೋವುಗಳಲ್ಲಷ್ಟೇ ಕಾಣಿಸಿಕೊಂಡು ವಾರಗಟ್ಟಲೆ ಹಾಗೆಯೇ ಇರುತ್ತದೆ. ಚರ್ಮ ತೆಳುವಾಗಿ ಹೊಳೆಯುತ್ತಿದೆಯೆ, ಚರ್ಮದ ಕೆಳಗಿರುವ ಪೇಸ್‌ಮೇಕರ್ ಪೆಟ್ಟಿಗೆಯ ಮೂಲೆ ಒಳಗಿನಿಂದ ಒತ್ತಿ ಆ ಭಾಗ ನೀಲಿಗಟ್ಟಿದೆಯೆ, ರವಿಕೆಗೆ ನೀರಿನಂಥ ಕಲೆ ಅಂಟುತ್ತಿದೆಯೆ ಎಂದು ಬೆಳಕಿನಲ್ಲಿ ನೋಡಿ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ಏನೂ ಕಾಣದಿದ್ದರೂ ಒಂದೆರಡು ದಿನಗಳೊಳಗೆ, ಪೇಸ್‌ಮೇಕರ್ ಹಾಕಿದ ಆಸ್ಪತ್ರೆಗೇ ಕರೆದೊಯ್ಯಿರಿ. ಚಳಿ ಜ್ವರ ಬಂದರೆ ರಾತ್ರಿಯಾದರೂ ಕಾಯಬೇಡಿ.

ಮೆಡಿಕಲ್ ಸ್ಟೋರಿನ ಆ್ಯಂಟಿಬಯಾಟಿಕ್ ಮಾತ್ರೆಯನ್ನೂ ನೀವಾಗಿ ಕೊಡಬೇಡಿ. ರಕ್ತವನ್ನು ಕಲ್ಚರ್ ಪರೀಕ್ಷೆಗೆ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ತೆಗೆದುಕೊಳ್ಳುವ ಮೊದಲೇ ಮಾತ್ರೆ ನುಂಗಿದರೆ ರೋಗಾಣು ಯಾವುದೆಂದು ತಿಳಿಯುವುದು ಕಷ್ಟವಾಗುತ್ತದೆ. ಬ್ಯಾಕ್ಟೀರಿಯಾ ಲೋಹದ ಪೆಟ್ಟಿಗೆಗೂ ಅದರಿಂದ ಹೃದಯಕ್ಕೆ ಹೋಗುವ ತಂತಿಗೂ ಪೊರೆಯಂತೆ ಅಂಟಿಕೊಂಡಿರುವುದರಿಂದ ಔಷಧಿಯೊಂದರಿಂದಲೇ ಅದು ಹೋಗುವುದಿಲ್ಲ. ಪೆಟ್ಟಿಗೆಯಲ್ಲಿ ಸೋಂಕು ಖಚಿತವಾದರೆ ತಂತಿಗಳ ಸಮೇತ ಎಲ್ಲವನ್ನೂ ತೆಗೆದು, ಸೋಂಕು ಹತೋಟಿಗೆ ಬಂದ ಮೇಲೆ ಸಾಮಾನ್ಯವಾಗಿ ಎದೆಯ ಇನ್ನೊಂದು ಬದಿಯಲ್ಲಿ ಹೊಸದನ್ನು ಇಡಬೇಕಾಗುತ್ತದೆ. ಕೇಳಲು ಕಠಿಣ, ನಿಜ. ಆದರೆ ಆ ತಂತಿ ರಕ್ತನಾಳದ ಮೂಲಕ ಹೃದಯದೊಳಕ್ಕೇ ಹೋಗಿರುವುದರಿಂದ ತಡಮಾಡಿದರೆ ಸೋಂಕು ಕವಾಟಕ್ಕೂ ಹಬ್ಬಬಹುದು. ಎಲ್ಲ ಕೆಂಪೂ ಸೋಂಕೇ ಆಗಿರಬೇಕಿಲ್ಲ. ಅದನ್ನು ಅಲ್ಲಿನ ವೈದ್ಯರು ನೋಡಿ ಹೇಳಲಿ.

ಮೊಬೈಲಿನಿಂದಾಗಲಿ ಮೋಟಾರಿನಿಂದಾಗಲಿ ಚರ್ಮ ಹೀಗೆ ಕೆಂಪಾಗುವುದಿಲ್ಲ. ಫೋನನ್ನು ಪೆಟ್ಟಿಗೆಯಿಂದ 15 ಸೆಂಟಿಮೀಟರ್ ದೂರವಿಟ್ಟು ಬಲಗಿವಿಗೆ ಹಿಡಿದರೆ ಸಾಕು (ಪೆಟ್ಟಿಗೆ ಎಡಗಡೆ ಇದೆಯೆಂದುಕೊಂಡು ಹೇಳುತ್ತಿದ್ದೇನೆ). ರವಿಕೆಯೊಳಗೆ ಸಿಕ್ಕಿಸಿಕೊಳ್ಳುವುದು ಬೇಡ. ಸ್ಟಾರ್ಟರಿನ ಗುಂಡಿ ಒತ್ತಿ ಈಚೆ ಬರಬಹುದು, ಆದರೆ ಅರ್ಥಿಂಗ್ ಸರಿಯಿಲ್ಲದ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿ ಶಾಕ್ ಹೊಡೆಸಿಕೊಳ್ಳುವುದು ಯಾರಿಗೂ ಒಳ್ಳೆಯದಲ್ಲ. ಆಸ್ಪತ್ರೆಗೆ ಹೋಗುವಾಗ ಪೇಸ್‌ಮೇಕರ್ ಕಾರ್ಡನ್ನು ಮರೆಯದೆ ಒಯ್ಯಿರಿ. ಅದರ ಮಾದರಿ ಯಾವುದು, ಯಾವ ದಿನ ಹಾಕಿದ್ದು ಎಂಬುದು ಅದರಲ್ಲೇ ಇರುತ್ತದೆ.